ಎಲೆ ನೋಡುವ ಭಾವ

ತರೀಕೆರೆ, ಕಡೂರು, ಅಜ್ಜಂಪುರಗಳಲ್ಲಿ ಹರಡಿಕೊಂಡ ಯಾವ ಮನೆತನಕ್ಕೂ ಇಂಥ ಒಬ್ಬ ದೊಡ್ಡಭಾವ ಇದ್ದೇ ಇರುತ್ತಾರೆ. ನಿವೃತ್ತರು. ಬೆಳಗಿನ ಬಸ್ಸಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕುಂಡದ ಮುಂದೆ ನಿಲ್ಲುತ್ತಾರೆ. "ಎಲೆ ತುದಿ ಸುಟ್ಟಿದೆಯಲ್ಲಮ್ಮ!" ಮನೆಯವರ ಕ್ಷೇಮಸಮಾಚಾರ ಆಮೇಲೆ.

ಭಾವ ಹೇಳುವ ರೋಗ ಊರಿಗೊಂದು. ತರೀಕೆರೆಯಲ್ಲಿ ಎಕರೆಗಟ್ಟಲೆ ಅಡಿಕೆ ಇರುವವರೂ ನರ್ಸರಿಗೆ ದುಡ್ಡು ಕೊಟ್ಟು ಅರೆಕಾ ಪಾಮ್ ತಂದು ಹಾಲ್‌ನಲ್ಲಿ ಇಟ್ಟಿರುತ್ತಾರೆ. ಹೆಸರಲ್ಲೇ ಅಡಿಕೆ ಇರುವುದರಿಂದ ಅದಕ್ಕೆ ಕೊಳೆರೋಗ. ಮೈಲುತುತ್ತ, ಸುಣ್ಣ ಬೆರೆಸಿ ಶೇ. 1ರ ಬೋರ್ಡೋ ದ್ರಾವಣ ಹೊಡೆಯಬೇಕು. ಕೋಲ್ಮನ್ ಸಾಹೇಬರೇ ಹೇಳಿಹೋಗಿದ್ದಾರಂತೆ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಬೆಳೆಗಾರರಿಗೆ ಅದನ್ನು ಕಲಿಸಿದ್ದು ನಿಜ. ಆದರೆ ಕೊಳೆರೋಗ ಬೀಳುವುದು ಮಳೆಗಾಲದ ಕಾಯಿಗೆ. ಟೀವಿ ಪಕ್ಕದ ಗಿಡಕ್ಕೆ ಮಳೆಯೂ ಇಲ್ಲ, ಕಾಯಿಯೂ ಇಲ್ಲ. ಕಡೂರಿನಲ್ಲಿ ಸುತ್ತ ತೆಂಗು, ಹಾಗಾಗಿ 15 ವರ್ಷದ ಡ್ರಸೀನಾಕ್ಕೆ ಕಪ್ಪುತಲೆ ಹುಳು. ಅಜ್ಜಂಪುರ ಈರುಳ್ಳಿ ಸೀಮೆ: ನೇರಳೆ ಮಚ್ಚೆ. ಊರಲ್ಲೇ ಅಮೃತಮಹಲ್ ತಳಿ ಕೇಂದ್ರ ಇಟ್ಟುಕೊಂಡು ಆ ಹಸುವಿನ ಸಗಣಿ ಹಾಕದವರು ಗಿಡ ಯಾಕೆ ಸಾಕಬೇಕು ಎಂಬ ತರಾಟೆ ಬೇರೆ.

ಇಷ್ಟೆಲ್ಲ ಹೇಳುವ ಭಾವ ಮಣ್ಣಿಗೆ ಮಾತ್ರ ಎಂದೂ ಬೆರಳು ಹಾಕಿದವರಲ್ಲ. ಹಳೇ ಕುಂಡದೊಳಗೆ ಬೇರು ಸುತ್ತಿ ಸುತ್ತಿ ಮಣ್ಣಿಗೇ ಜಾಗವಿಲ್ಲ. ಮೇಲೆ ಬೋರಿನ ಗಡಸು ನೀರು ಬಿಟ್ಟ ಬಿಳಿ ಕರೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಎಲೆಯ ತುದಿ ಕಂದುತ್ತದೆ. ಮನೆಯಾಕೆಗೆ ಇದು ಗೊತ್ತು. ಭಾವ ಊಟ ಮುಗಿಸಿ ಅಡ್ಡಾದಾಗ ಹಿಡಿದಿಟ್ಟ ಮಳೆನೀರು ತಂದು, ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಸುರಿಯುತ್ತಾರೆ. ಮುಂದಿನ ಭೇಟಿಗೆ ಹೊಸ ಎಲೆ ಹಸಿರಾಗಿದ್ದರೆ ಕೀರ್ತಿ ಬೋರ್ಡೋಗೆ. ಮೈಲುತುತ್ತದ ಪೊಟ್ಟಣ ಬಿಚ್ಚಿಯೇ ಇಲ್ಲವೆಂದು ಹೇಳುವ ಎದೆ ಯಾರಿಗಿದೆ?

ಅಜ್ಜಂಪುರದವರು ಈಚೆಗೆ ಜಾಣರಾಗಿದ್ದಾರೆ: ಭಾವ ಬರುವ ಫೋನು ಬಂದರೆ ಕುಂಡ ಹಿತ್ತಲಿಗೆ. ಮೊನ್ನೆ ಬಂದವರು ಖಾಲಿ ಜಗುಲಿ ಕಂಡು ತಬ್ಬಿಬ್ಬಾದರು. ಕೊನೆಗೆ ಮಂಡಿ ನೀವಿಕೊಳ್ಳುತ್ತಿದ್ದ ಅತ್ತೆಯ ಎದುರು ಕೂತು, ಅವರ ಲೋಟದ ತಳದ ಬಿಳಿ ಕರೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬೋರಿನ ನೀರೇ ಕುಡಿಯೋದಾ ಅತ್ತೆ? ಎಲ್ಲಾ ಅದರದ್ದೇ ಕಾಟ!"

ಅಡುಗೆಮನೆಯಿಂದ ನಾದಿನಿ ಕೂಗಿದಳು: "ಭಾವ, ಹಿತ್ತಲಿಗೂ ಬಂದು ಅದನ್ನೇ ಹೇಳಿಹೋಗಿ!"