ಸಿಗರೇಟಿನ ಜೊತೆ ಬಂದ ರಟ್ಟು

1880ರ ದಶಕದಲ್ಲಿ ಅಮೆರಿಕದ ಸಿಗರೇಟು ಪ್ಯಾಕುಗಳು ತೀರಾ ಮೆತ್ತಗಿದ್ದವು. ಸರಕು ಮುರಿಯದಿರಲೆಂದು ಕಂಪನಿಗಳು ಒಳಗೊಂದು ರಟ್ಟು ತೂರಿಸಿದವು. ಬರೀ ರಟ್ಟೇಕೆಂದು ಅದರ ಮೇಲೆ ನಟಿಯರನ್ನೂ ಬೇಸ್‌ಬಾಲ್ ಆಟಗಾರರನ್ನೂ ಅಚ್ಚು ಹಾಕಿದವು. ಅಪ್ಪ ಹೊಗೆ ಬಿಟ್ಟ, ಮಗ ರಟ್ಟು ಕೂಡಿಟ್ಟ.

1909ರಿಂದ 1911ರವರೆಗೆ ಬಂದ ಟಿ206 ಸರಣಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್‌ನ ಕಾರ್ಡು ಬೇಗನೆ ನಿಂತುಹೋಯಿತು. ಮಕ್ಕಳು ತಂಬಾಕು ಕೊಳ್ಳಬಾರದೆಂದು ಆತ ತಡೆದನೆನ್ನುವವರುಂಟು. ದುಡ್ಡು ಕೊಡದ್ದಕ್ಕೆ ಎನ್ನುವವರೂ ಉಂಟು. ಆತ ಸ್ವತಃ ತಂಬಾಕು ಜಗಿಯುತ್ತಿದ್ದುದು ಮೊದಲ ಪಕ್ಷದವರಿಗೆ ಕೊಂಚ ಇರುಸುಮುರುಸಿನ ಸಂಗತಿ. ಉಳಿದಿರುವ ಸುಮಾರು 60 ಕಾರ್ಡುಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಆಮೇಲೆ ತಂಬಾಕಿನ ಜಾಗಕ್ಕೆ ಚ್ಯೂಯಿಂಗ್ ಗಮ್ ಬಂತು. 1933ರಲ್ಲಿ ಗೌಡಿ ಕಂಪನಿ 106ನೇ ಕಾರ್ಡನ್ನು ಅಚ್ಚೇ ಹಾಕಲಿಲ್ಲ. ಇಲ್ಲದ ಕಾರ್ಡಿಗಾಗಿ ಮಕ್ಕಳು ದವಡೆ ಸವೆಸಿದರು. ಪತ್ರ ಬರೆದು ಜಗಳ ತೆಗೆದವರಿಗೆ ಮರುವರ್ಷ ಅದು ಅಂಚೆಯಲ್ಲಿ ಬಂತು.

1952ರಲ್ಲಿ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಕಾರ್ಡು ಸರಣಿಯ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಆಟದ ಋತು ಮುಗಿಯುತ್ತ ಬಂದಿತ್ತು. ಉಳಿದ ಪೆಟ್ಟಿಗೆಗಳನ್ನು ವರ್ಷಗಳ ನಂತರ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಕಂಪನಿಯ ಸೈ ಬರ್ಗರ್ ಹೇಳಿಕೊಂಡಿದ್ದ. ಅದೇ ಕಂತಿನ, ಆಟಗಾರ ಮಿಕಿ ಮ್ಯಾಂಟಲ್‌ನ ಕಾರ್ಡೊಂದಕ್ಕೆ 2022ರಲ್ಲಿ 1.26 ಕೋಟಿ ಡಾಲರ್ ಬಂತು. ಮೀನುಗಳಿಗೆ ಅಷ್ಟು ದುಬಾರಿ ಊಟ ಇನ್ನೆಂದೂ ಸಿಕ್ಕಿರಲಾರದು!

ಮಿಕ್ಕ ಕೆಲಸ ಮನೆಯಲ್ಲೇ ನಡೆಯಿತು. ಹುಡುಗರು ಪಟಪಟ ಸದ್ದಿಗಾಗಿ ಕಾರ್ಡುಗಳನ್ನು ಸೈಕಲ್ ಕಡ್ಡಿಗೆ ಸಿಕ್ಕಿಸಿದರು, ಅಮ್ಮಂದಿರು ಅಟ್ಟ ಗುಡಿಸಿ ಎಸೆದರು. ಬೆಲೆ ಏರಿಸಿದ್ದು ಆ ಪೊರಕೆಯೇ. ಇದನ್ನರಿತ 1980ರ ದಶಕದ ಜನ ಒಂದನ್ನೂ ಬಿಡದೆ ಜೋಪಾನ ಮಾಡಿದರು. ಕಂಪನಿಗಳೂ ರಾಶಿ ರಾಶಿ ಅಚ್ಚು ಹಾಕಿದವು. ಅವುಗಳಲ್ಲಿ ಹೆಚ್ಚಿನವಕ್ಕೆ ಈಗ ಚಿಲ್ಲರೆ ಕಾಸು.