ಮಲ್ಲಕಥಾಲಕ್ಷಣ: ಮುಳುಗುವ ಕುಸ್ತಿ ಕಂಪನಿಯನ್ನು ಕಥೆ ಕಟ್ಟಿ ಎತ್ತುವ ಶಾಸ್ತ್ರ

ಇಲ್ಲಿ ಹೇಳಹೊರಟಿರುವುದು ಗರಡಿಮನೆಯ ಕೆಮ್ಮಣ್ಣಿನ ಕುಸ್ತಿಯ ವಿಷಯವಲ್ಲ. ಅಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಶಾಸ್ತ್ರಕ್ಕೆ ಕೆಲಸವಿಲ್ಲ. ಅಮೆರಿಕದಲ್ಲೂ ಜಪಾನಿನಲ್ಲೂ ಮೂರು ಹಗ್ಗದ ಚೌಕದೊಳಗೆ, ಯಾರು ಬೀಳಬೇಕೆಂದು ಮೊದಲೇ ಮಾತಾಡಿಕೊಂಡು ಬೀಳುವ ಇನ್ನೊಂದು ಕುಸ್ತಿಯಿದೆ. ಈ ಗ್ರಂಥ ಅದರದು. ಯಾರು ಬೀಳಬೇಕೆಂದು ಗೊತ್ತುಮಾಡುವವನು ಬುಕರ್. ಒಳ್ಳೆಯವನು ಫೇಸ್, ಕೆಟ್ಟವನು ಹೀಲ್, ಒಂದರಿಂದ ಇನ್ನೊಂದಕ್ಕೆ ಹೊರಳುವುದು ಟರ್ನ್. ಪಾರಿಭಾಷಿಕ ಪದಗಳು ಇಷ್ಟೇ ಸಾಕು. ಗ್ರಂಥಕರ್ತನ ಅಧಿಕಾರವೇನೆಂದು ಕೇಳುವವರಿಗೆ ಉತ್ತರ: ತೊಂಬತ್ತರ ದಶಕದಲ್ಲಿ ರಬ್ಬರ್‌ಬ್ಯಾಂಡ್ ಸುತ್ತಿದ ಒಂದು ಕಟ್ಟು ಕುಸ್ತಿಪಟುಗಳ ಟ್ರಂಪ್ ಕಾರ್ಡ್ ನನ್ನ ಬಳಿಯಿತ್ತು. ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲವೂ ಅದರಲ್ಲಿತ್ತು, ಕಥೆಯೊಂದನ್ನು ಬಿಟ್ಟು.

ಪೂರ್ವಪಕ್ಷಿ ಕೇಳುತ್ತಾನೆ: ಇದೆಲ್ಲ ಸುಳ್ಳಲ್ಲವೇ? ಹೌದಪ್ಪಾ. 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ ಡಬ್ಲ್ಯುಡಬ್ಲ್ಯುಎಫ್ ಕಂಪನಿಯವರೇ ಬಂದು ಇದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಕ್ರೀಡಾ ಆಯೋಗದ ಉಸ್ತುವಾರಿಯಿಂದ ತಪ್ಪಿಸಿಕೊಳ್ಳಲು. ಆಪ್ತವಾಕ್ಯವೇ ಸಿಕ್ಕಿದ ಮೇಲೆ ಚರ್ಚೆ ಯಾಕೆ? ಕೀಚಕವಧೆ ಮುಗಿದು ಚೌಕಿಯಲ್ಲಿ ಕೀಚಕ ಚಹಾ ಕುಡಿಯುತ್ತಿರುವುದನ್ನು ಕಂಡು ಪೊಲೀಸರಿಗೆ ದೂರು ಕೊಟ್ಟವರು ಕರಾವಳಿಯಲ್ಲಿ ಯಾರೂ ಇಲ್ಲ.

ಪ್ರೇಕ್ಷಕರು ಮೂರು ಬಗೆ. ನಂಬುವವರು, ನಂಬದವರು, ಒಳಗುಟ್ಟೆಲ್ಲ ಗೊತ್ತಿದ್ದೂ ನಂಬಿಸಿಕೊಳ್ಳಲು ಕಾದು ಕುಳಿತವರು. ಮೊದಲನೆಯವರು ಮಕ್ಕಳು, ಎರಡನೆಯವರು ಚಾನೆಲ್ ಬದಲಿಸುತ್ತಾರೆ. ಕಂಪನಿ ಉಳಿಯುವುದು ಮೂರನೆಯವರಿಂದ. ಅವರು ತಮ್ಮ ನಂಬಿಕೆಯನ್ನು ದಾನ ಕೊಡುವವರಲ್ಲ, ಕೈಗಡ ಕೊಡುವವರು.

ದೀರ್ಘಕಥೆಯಿಂದ ಕಂಪನಿಯನ್ನು ಎತ್ತುವ ಪ್ರಸಂಗಗಳನ್ನು ನಾಲ್ಕಾಗಿ ವಿಂಗಡಿಸುತ್ತೇನೆ: ದಂಡಯಾತ್ರೆ, ಧಣಿದ್ವೇಷ, ಪಟ್ಟಾಭಿಷೇಕ, ಪಿತೃಋಣ. ಐದನೆಯದೊಂದು ಇದೆ, ಪುಕಾರು. ಚಲನಚಿತ್ರ ನಟನಿಗೆ ಚಾಂಪಿಯನ್ ಬೆಲ್ಟ್ ಕೊಟ್ಟು ಸುದ್ದಿಯಾಗುವುದು. 2000ದ ಏಪ್ರಿಲ್‌ನಲ್ಲಿ ಡೇವಿಡ್ ಆರ್ಕೆಟ್ ಎಂಬ ನಟ ಡಬ್ಲ್ಯುಸಿಡಬ್ಲ್ಯು ಕಂಪನಿಯ ವಿಶ್ವ ಚಾಂಪಿಯನ್ ಆದದ್ದು ಇದಕ್ಕೆ ಉದಾಹರಣೆ. ಬೇಡ ಎಂದವನು ಪಾಪ ಆ ನಟನೇ. ಇದನ್ನು ಶಾಸ್ತ್ರ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ದಂಡಯಾತ್ರೆಯೇ ನಾಲ್ಕರಲ್ಲಿ ರಾಜ. ಟೆಡ್ ಟರ್ನರ್ 1988ರಲ್ಲಿ ಕೊಂಡ ಕಂಪನಿ ಡಬ್ಲ್ಯುಸಿಡಬ್ಲ್ಯು. ಸೋಮವಾರ ರಾತ್ರಿ ಎದುರಾಳಿ ಡಬ್ಲ್ಯುಡಬ್ಲ್ಯುಎಫ್ ಕಂಪನಿಯ ಕಾರ್ಯಕ್ರಮದ ಹೊತ್ತಿಗೇ ‘ನೈಟ್ರೋ’ ಎಂಬ ತನ್ನ ಕಾರ್ಯಕ್ರಮವನ್ನು ಅದು 1995ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿತು. 1996ರ ಮೇ 27ರಂದು, ಜಾರ್ಜಿಯಾದ ಮೇಕನ್ ಊರಿನಲ್ಲಿ, ನಡೆಯುತ್ತಿದ್ದ ಕುಸ್ತಿಯ ನಡುವೆ ಪ್ರೇಕ್ಷಕರ ಗುಂಪಿನಿಂದ ಸ್ಕಾಟ್ ಹಾಲ್ ಎದ್ದು ಬಂದ. ಸಂಗೀತವಿಲ್ಲ, ಹೆಸರು ಕೂಗಿದವರಿಲ್ಲ. ಮೊನ್ನೆ ಮೊನ್ನೆಯವರೆಗೆ ಎದುರು ಕಂಪನಿಯಲ್ಲಿದ್ದವನು. ಎರಡು ವಾರಕ್ಕೆ ಕೆವಿನ್ ನ್ಯಾಶ್ ಕೂಡಿಕೊಂಡ. ಶತ್ರುವೇ ಸೈನ್ಯ ಕಳಿಸಿದ್ದಾನೆ ಎಂದು ಊರೆಲ್ಲ ಮಾತಾಯಿತು. ಶತ್ರು ನಿಜವಾಗಿಯೇ ಕೋರ್ಟಿಗೆ ಹೋದ. ಆಗ ಇವರು ಪರದೆಯ ಮೇಲೇ ಆ ಇಬ್ಬರನ್ನು ನಿಲ್ಲಿಸಿ, ನೀವು ಆ ಕಂಪನಿಯವರೇ ಎಂದು ಕೇಳಿದರು. ಇಬ್ಬರೂ ಅಲ್ಲ ಎಂದರು. ಇಡೀ ಕಥೆಯಲ್ಲಿ ಹೇಳಿದ ಒಂದೇ ಒಂದು ನಿಜ ಅದು, ಅದನ್ನು ಯಾರೂ ನಂಬಲಿಲ್ಲ.

ನಾಟ್ಯಶಾಸ್ತ್ರದ ಪಂಚಸಂಧಿಗಳಲ್ಲಿ ಇದು ಮುಖಸಂಧಿ, ಬೀಜ ಬಿತ್ತುವುದು. ಪ್ರತಿಮುಖ ಬಂದದ್ದು ಜುಲೈ 7ರಂದು, ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ. ದಂಡೆತ್ತಿ ಬಂದವರ ಮೂರನೆಯ ಜೊತೆಗಾರ ಯಾರು ಎಂಬುದು ಪ್ರಶ್ನೆ. ಹನ್ನೆರಡು ವರ್ಷಗಳಿಂದ ಅಮೆರಿಕದ ಮಕ್ಕಳಿಗೆ ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ ಎಂದು ಬುದ್ಧಿ ಹೇಳುತ್ತಿದ್ದ ಹಲ್ಕ್ ಹೋಗನ್ ಬಂದ. ರಕ್ಷಿಸಲು ಬಂದನೆಂದು ಜನ ಎದ್ದು ನಿಂತರೆ, ಕೆಳಗೆ ಬಿದ್ದಿದ್ದ ಸ್ನೇಹಿತ ರ‍್ಯಾಂಡಿ ಸ್ಯಾವೇಜ್‌ನ ಮೇಲೇ ತೊಡೆಯ ಪೆಟ್ಟು ಹಾಕಿದ. ಕರ್ಣನನ್ನು ಪಾಂಡವರೆಲ್ಲ ಕೂಡಿ ತಮ್ಮ ಪಾಳಯಕ್ಕೆ ಕರೆದುಕೊಂಡಿದ್ದರೂ ಇಷ್ಟು ಗಲಾಟೆ ಆಗುತ್ತಿರಲಿಲ್ಲ. ಜನ ಕೈಗೆ ಸಿಕ್ಕಿದ ಕಸವನ್ನೆಲ್ಲ ರಿಂಗಿನೊಳಗೆ ಎಸೆದರು. ಬುಕರನಿಗೆ ಅದೇ ಪುಷ್ಪವೃಷ್ಟಿ. ‘ನ್ಯೂ ವರ್ಲ್ಡ್ ಆರ್ಡರ್’ ಎಂಬ ಆ ದಂಡಿನ ಬಲದ ಮೇಲೆ 83 ಸೋಮವಾರ ಒಂದೇ ಸಮನೆ ನೈಟ್ರೋ ಎದುರಾಳಿಯನ್ನು ಸೋಲಿಸಿತು.

ಮೂರನೆಯದಾದ ಗರ್ಭಸಂಧಿ ಕಠಿಣ. ಫಲ ಸಿಕ್ಕಂತಾಗಿ ತಪ್ಪಬೇಕು, ಮತ್ತೆ ಹುಡುಕಬೇಕು. ಬುಕರುಗಳಿಗೆ ತಾಳ್ಮೆ ಕಡಿಮೆ, ಸಾಮಾನ್ಯವಾಗಿ ಇಲ್ಲೇ ಕೂಸು ಜಾರುತ್ತದೆ. ಇಲ್ಲಿ ಮಾತ್ರ, ಆಶ್ಚರ್ಯ, ಜಾರಲಿಲ್ಲ. ಕಂಪನಿಯ ಮನೆಮಗ ಸ್ಟಿಂಗ್. ಬಣ್ಣ ಬಣ್ಣದ ಮುಖ, ಕೂಗಾಟ, ನಿಷ್ಠೆ. 1996ರ ಸೆಪ್ಟೆಂಬರ್‌ನಲ್ಲಿ ಇವನೂ ಶತ್ರುಗಳ ಕಡೆ ಸೇರಿದ ಎಂದು ಸ್ವಂತ ಗೆಳೆಯರೇ ಅನುಮಾನಿಸಿದರು. ಅವನು ಬೆನ್ನು ತಿರುಗಿಸಿ ಹೊರಟುಹೋದ. ಮರಳಿ ಬಂದಾಗ ಮುಖದಲ್ಲಿ ಬಿಳಿ ಕಪ್ಪು ಬಿಟ್ಟರೆ ಬೇರೆ ಬಣ್ಣವಿಲ್ಲ, ಬಾಯಲ್ಲಿ ಮಾತಿಲ್ಲ, ಕೈಯಲ್ಲಿ ಕರಿಯ ಬೇಸ್‌ಬಾಲ್ ಬ್ಯಾಟು. ಸಭಾಂಗಣದ ಛಾವಣಿಯ ತೊಲೆಗಳ ಮೇಲೆ ಕುಳಿತು ಕೆಳಗೆ ನೋಡುವುದೇ ಕೆಲಸ. ಒಮ್ಮೊಮ್ಮೆ ಹಗ್ಗ ಹಿಡಿದು ಇಳಿದು ನಾಲ್ಕು ಬಾರಿಸಿ ಹೋಗುತ್ತಿದ್ದ. ಹದಿನೈದು ತಿಂಗಳು ಟೀವಿಯಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಕುಸ್ತಿಪಟು ಕುಸ್ತಿ ಆಡದೆ ಕಂಪನಿಯ ಅತಿ ಜನಪ್ರಿಯ ವ್ಯಕ್ತಿಯಾದ. ಕಾಯಿಸುವ ಕಲೆಯಲ್ಲಿ ಇದಕ್ಕೆ ಮಿಗಿಲಾದದ್ದನ್ನು ನಾನು ನೋಡಿಲ್ಲ. ನಮ್ಮ ಧಾರಾವಾಹಿಗಳವರೂ ಕಾಯಿಸುತ್ತಾರೆ, ಆದರೆ ಅಲ್ಲಿ ಕಾಯುವುದು ಜಾಹೀರಾತು ಮುಗಿಯಲೆಂದು.

1997ರ ಡಿಸೆಂಬರ್ 28, ವಾಷಿಂಗ್ಟನ್, ಸ್ಟಾರ್‌ಕೇಡ್ ಪ್ರದರ್ಶನ. ಹೋಗನ್–ಸ್ಟಿಂಗ್ ಪಂದ್ಯ. ಆ ಕಂಪನಿಯ ಇತಿಹಾಸದಲ್ಲೇ ಅತಿ ಹೆಚ್ಚು ಜನ ದುಡ್ಡು ಕೊಟ್ಟು ನೋಡಿದ ರಾತ್ರಿ. ಕಥೆಯ ಪ್ರಕಾರ ರೆಫರಿ ನಿಕ್ ಪ್ಯಾಟ್ರಿಕ್ ಹೋಗನ್‌ಗೆ ಅನುಕೂಲವಾಗುವಂತೆ ಗಡಿಬಿಡಿಯಲ್ಲಿ ಮೂರು ಎಣಿಸಬೇಕು. ಬ್ರೆಟ್ ಹಾರ್ಟ್ ಬಂದು ಇದು ಮೋಸ ಎಂದು ತಡೆಯಬೇಕು. ಪಂದ್ಯ ಮತ್ತೆ ಶುರುವಾಗಿ ಸ್ಟಿಂಗ್ ಗೆಲ್ಲಬೇಕು. ಪ್ಯಾಟ್ರಿಕ್ ಬಾಗಿದ. ಒಂದು. ಎರಡು. ಮೂರು. ಎಂದಿನ ವೇಗ, ಒಂದಿಷ್ಟೂ ಅವಸರವಿಲ್ಲ. ಹದಿನೈದು ತಿಂಗಳು ಕಾದ ನಾಯಕ ನ್ಯಾಯವಾಗಿಯೇ ಸೋತಂತಾಯಿತು. ಇಲ್ಲದ ಮೋಸವನ್ನು ಹಿಡಿಯಲು ಬ್ರೆಟ್ ಹಾರ್ಟ್ ಓಡಿಬಂದ. ಆಮೇಲೆ ಸ್ಟಿಂಗ್ ಗೆದ್ದದ್ದೂ ಆಯಿತು, ಆ ಗೆಲುವಿಗೆ ಉಪ್ಪು ಹುಳಿ ಖಾರ ಒಂದೂ ಇರಲಿಲ್ಲ. ಹನ್ನೊಂದು ದಿನದಲ್ಲಿ ಬೆಲ್ಟನ್ನೂ ಕಿತ್ತುಕೊಂಡರು. ಆ ಎಣಿಕೆ ಹಾಗೇಕಾಯಿತೆಂದು ಅಲ್ಲಿದ್ದವರು ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋಗನ್‌ನ ಕರಾರಿನಲ್ಲಿ, ತನ್ನ ಪಾತ್ರಕ್ಕೆ ಏನಾಗಬೇಕೆಂಬುದರಲ್ಲಿ ತನ್ನ ಮಾತೇ ನಡೆಯಬೇಕೆಂಬ ಷರತ್ತಿತ್ತು ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ. ಬಡಿಸುವವನೇ ಪಂಕ್ತಿಯಲ್ಲಿ ಕುಳಿತರೆ ಹೋಳಿಗೆ ಯಾರ ಎಲೆಗೆ ಬೀಳುತ್ತದೆ?

ಕೊನೆಯದಾದ ನಿರ್ವಹಣಸಂಧಿ ತಪ್ಪಿದ ಕಥೆ ಸಾಯುವುದಿಲ್ಲ, ಕವಲೊಡೆಯುತ್ತದೆ. ದಂಡು ಕಪ್ಪು ಬಿಳಿ, ಕಪ್ಪು ಕೆಂಪು ಎಂದು ಎರಡಾಯಿತು. ಮೆಕ್ಸಿಕೋ ಮೂಲದವರದೊಂದು ಶಾಖೆ, ಜಪಾನಿನಲ್ಲಿ ಒಂದು. ನಾಟ್ಯಶಾಸ್ತ್ರ ಪತಾಕೆ, ಪ್ರಕರಿ ಎಂದು ಎರಡೇ ಉಪಕಥೆಗಳಿಗೆ ಹೆಸರಿಟ್ಟಿದೆ. ಭರತಮುನಿಗೆ ನೈಟ್ರೋ ಸಿಗುತ್ತಿರಲಿಲ್ಲ. ಇಡೀ ದಂಡನ್ನು ಎದುರಿಸಿ ಮೌನವಾಗಿ ಕುಳಿತಿದ್ದ ಸ್ಟಿಂಗ್ 1998ರಲ್ಲಿ ಮುಖಕ್ಕೆ ಕೆಂಪು ಬಳಿದುಕೊಂಡು ಅದರದೇ ಒಂದು ಪಂಗಡಕ್ಕೆ ಸೇರಿದ.

ಇಲ್ಲಿಂದ ಶಾಸ್ತ್ರದ ದೋಷಪ್ರಕರಣ. ಆರಂಭಕ್ಕೆ ಬೆರಗು ಬೇಕು, ಅದು ದುಡ್ಡಿಗೆ ಸಿಗುತ್ತದೆ. ನಡುವಿಗೆ ತಾಳ್ಮೆ ಬೇಕು, ಅಪರೂಪಕ್ಕೆ ಸಿಗುತ್ತದೆ. ಕೊನೆಗೆ ಬೇಕಾದದ್ದು ಬೆನ್ನು ನೆಲಕ್ಕೆ ಕೊಟ್ಟು ಚೊಕ್ಕವಾಗಿ ಸೋಲುವ ಒಬ್ಬ ದೊಡ್ಡ ಮನುಷ್ಯ. ಕಂಪನಿಗಳು ಸಾಯುವುದು ಅವನು ಸಿಗದೆ. ಈಗ ಹೇಳಿದ್ದು ಎಣಿಕೆದೋಷ. 1998ರ ಕೊನೆಗೆ ನಡೆದ ಸ್ಟಾರ್‌ಕೇಡ್‌ನಲ್ಲಿ, ಲೆಕ್ಕದ ಪ್ರಕಾರ 173 ಪಂದ್ಯ ಸೋಲದೆ ಬಂದಿದ್ದ ಗೋಲ್ಡ್‌ಬರ್ಗ್‌ಗೆ ಸ್ಕಾಟ್ ಹಾಲ್ ವಿದ್ಯುತ್ ಕೋಲು ತಾಗಿಸಿದ, ನ್ಯಾಶ್ ಗೆದ್ದ, ಇದು ವಿದ್ಯುದ್ದೋಷ. ಅದಾಗಿ ಎಂಟೇ ದಿನಕ್ಕೆ, 1999ರ ಜನವರಿ 4ರಂದು, ಹೋಗನ್ ಒಂದು ಬೆರಳಿನಿಂದ ನ್ಯಾಶ್‌ನ ಎದೆ ಮುಟ್ಟಿದ, ಆರೂವರೆ ಅಡಿ ಮೀರಿದ ಆ ದೇಹ ಮಲಗಿ ಬೆಲ್ಟ್ ಬಿಟ್ಟುಕೊಟ್ಟಿತು, ಅಂಗುಲಿದೋಷ. ಅದೇ ರಾತ್ರಿ ನೈಟ್ರೋದವರು, ಎದುರು ಚಾನೆಲ್‌ನಲ್ಲಿ ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆ, ಯಾರು ನೋಡುತ್ತಾರೆ ಎಂದು ಗೇಲಿ ಮಾಡಿದರು. ಲಕ್ಷಗಟ್ಟಲೆ ಮನೆಗಳು ನೋಡೋಣ ಎಂದು ಅತ್ತ ಹೋದವು. ಹಿತ್ತಾಳೆ ಕಿವಿಯಿದ್ದರೂ ಪರವಾಗಿಲ್ಲ, ಬಾಯಿ ಹಿತ್ತಾಳೆಯಾಗಬಾರದು.

ಇವೆಲ್ಲಕ್ಕೂ ಮೂಲಪುರುಷ ಡಸ್ಟಿದೋಷ. ಡಸ್ಟಿ ರೋಡ್ಸ್ ಎಂಬತ್ತರ ದಶಕದ ಮಹಾ ಬುಕರ್. ಸ್ಟಾರ್‌ಕೇಡ್ ಅವನ ಕಲ್ಪನೆಯ ಕೂಸು. ರೆಫರಿ ಮೂರ್ಛೆ ಹೋಗುತ್ತಾನೆ, ಇನ್ನೊಬ್ಬ ಬಂದು ಎಣಿಸುತ್ತಾನೆ, ನಾಯಕ ಗೆಲ್ಲುತ್ತಾನೆ, ಜನ ಕುಣಿಯುತ್ತಾರೆ. ಮೊದಲಿನವನು ಎಚ್ಚೆತ್ತು ತೀರ್ಪು ತಿರುಗಿಸುತ್ತಾನೆ. ಒಮ್ಮೆ ಮಾಡಿದರೆ ರೋಚಕ. ಊರೂರಿಗೆ ಮಾಡಿದರೆ ಕೈಗಡ ವಾಪಸು ಬರುವುದಿಲ್ಲವೆಂದು ಊರೂರಿಗೆ ಗೊತ್ತಾಗುತ್ತದೆ. ಟರ್ನರ್‌ಗೆ ಮಾರಾಟವಾದದ್ದು ಇವನು ಕಥೆ ಕಟ್ಟುತ್ತಿದ್ದ ಕಂಪನಿಯೇ.

ಧಣಿದ್ವೇಷ ಪ್ರಸಂಗಕ್ಕೆ ಹೆಚ್ಚು ಮಾತು ಬೇಡ. ಎದುರು ಕಂಪನಿಯಾದ ಡಬ್ಲ್ಯುಡಬ್ಲ್ಯುಎಫ್‌ನ ಮಾಲೀಕ ವಿನ್ಸ್ ಮ್ಯಾಕ್‌ಮಹನ್‌ನೇ ಖಳನಾದ, ಸ್ಟೀವ್ ಆಸ್ಟಿನ್ ಎಂಬ ಕೆಲಸಗಾರ ಅವನಿಗೆ ಬಾರಿಸಿದ. ಸೋಮವಾರ ಆಫೀಸಿನಲ್ಲಿ ಬೈಸಿಕೊಂಡು ಬಂದ ಪ್ರತಿಯೊಬ್ಬನೂ ಸೋಮವಾರ ರಾತ್ರಿ ಅದನ್ನು ನೋಡಿದ. 1998ರ ಏಪ್ರಿಲ್ 13ರಂದು ಇವರಿಬ್ಬರ ಕುಸ್ತಿಯ ಆಸೆ ತೋರಿಸಿಯೇ 83 ವಾರದ ಸರಪಳಿ ಕಡಿದದ್ದು. ಕೆಡುಕೆಂದರೆ ಅನಂತರ ಪ್ರತಿ ಕಂಪನಿಯೂ ಒಬ್ಬ ದುಷ್ಟ ಧಣಿಯನ್ನು ಸಾಕಿಕೊಂಡಿತು.

ಪಟ್ಟಾಭಿಷೇಕಕ್ಕೆ ಜಪಾನ್. 2012ರ ಜನವರಿಯಲ್ಲಿ ನ್ಯೂ ಜಪಾನ್ ಕಂಪನಿಯನ್ನು ಬುಶಿರೋಡ್ ಎಂಬ ಸಂಸ್ಥೆ ಕೊಂಡಿತು. ಅವರದು ಕಾರ್ಡ್ ಆಟದ ವ್ಯಾಪಾರ, ನನ್ನ ಟ್ರಂಪ್ ಕಾರ್ಡಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ. ಅದೇ ಫೆಬ್ರವರಿಯಲ್ಲಿ ಒಸಾಕಾದಲ್ಲಿ 24ರ ಹುಡುಗ ಒಕಾಡಾ, ಕಂಪನಿಯನ್ನು ಹೆಗಲ ಮೇಲೆ ಹೊತ್ತಿದ್ದ ತಾನಾಹಾಶಿಯನ್ನು ಸೋಲಿಸಿದ. ಚೊಕ್ಕವಾಗಿ, ರಿಂಗಿನ ನಡುವೆ. 2015ರಲ್ಲಿ ಟೋಕಿಯೊ ಡೋಮ್‌ನಲ್ಲಿ ತಾನಾಹಾಶಿಗೇ ಸೋತು ಅಳುತ್ತ ಹೋದ. ಮರುವರ್ಷ ಅದೇ ದಿನ, ಅದೇ ಜಾಗದಲ್ಲಿ, ಅದೇ ಮನುಷ್ಯನನ್ನು ಗೆದ್ದ. ನಾಲ್ಕು ವರ್ಷ, ಯಾರ ಕೈಯಲ್ಲೂ ವಿದ್ಯುತ್ ಕೋಲಿಲ್ಲ.

ಪಿತೃಋಣ ಪ್ರಸಂಗದ ನಾಯಕ ಡಸ್ಟಿಯ ಮಗ ಕೋಡಿ. ಅಪ್ಪ 1977ರಲ್ಲಿ ನ್ಯೂಯಾರ್ಕಿನಲ್ಲಿ ಗೆದ್ದೂ, ಗೆದ್ದ ರೀತಿ ಸರಿಯಿಲ್ಲವೆಂದು ಬೆಲ್ಟ್ ಸಿಗದೆ ಮನೆಗೆ ಹೋದವನು. ಅದನ್ನು ತರುತ್ತೇನೆ ಎಂದು ಮಗ 2022ರಲ್ಲಿ ಮ್ಯಾಕ್‌ಮಹನ್‌ನ ಕಂಪನಿಗೆ ಮರಳಿದ, 2023ರಲ್ಲಿ ಸೋತ, 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ, 1316 ದಿನ ಚಾಂಪಿಯನ್ ಆಗಿದ್ದ ರೋಮನ್ ರೇನ್ಸ್‌ನನ್ನು ಗೆದ್ದ. ನಡುವೆ ಸಿನಿಮಾದ ದೊಡ್ಡ ತಾರೆ ರಾಕ್‌ಗೆ ಕೋಡಿಯ ಜಾಗ ಕೊಡಲು ಹೊರಟಾಗ ಮೂರನೆಯ ಬಗೆಯ ಪ್ರೇಕ್ಷಕರು ಸಾಲ ವಸೂಲಿಗೆ ನಿಂತರು, ಕಂಪನಿ ಕಥೆ ತಿದ್ದಿಕೊಂಡಿತು. ಆ ಕಂಪನಿಗೆ ಕಾಯಿಲೆಯೇನೂ ಇರಲಿಲ್ಲ, ಟಾನಿಕ್ ಕುಡಿಯಿತು ಅಷ್ಟೆ. ಆದರೆ ತಿರುಗಿಸಿದ ತೀರ್ಪುಗಳಿಗೆ ಯಾರ ಹೆಸರು ಅಂಟಿಕೊಂಡಿದೆಯೋ ಅವನ ಮಗನ ಗೆಲುವನ್ನು ಆ ರಾತ್ರಿ ಯಾವ ರೆಫರಿಯೂ ಎಚ್ಚೆತ್ತು ತಿರುಗಿಸಲಿಲ್ಲ.

ಉಳಿದದ್ದು ನೈಟ್ರೋದ ಲೆಕ್ಕ. 2001ರ ಮಾರ್ಚ್‌ನಲ್ಲಿ ಮ್ಯಾಕ್‌ಮಹನ್ ಡಬ್ಲ್ಯುಸಿಡಬ್ಲ್ಯು ಕಂಪನಿಯನ್ನು ಕೊಂಡ. 26ರಂದು ಫ್ಲಾರಿಡಾದ ಪನಾಮಾ ಸಿಟಿ ಬೀಚ್‌ನಲ್ಲಿ ಕೊನೆಯ ಕಾರ್ಯಕ್ರಮ, ಕೊನೆಯ ಪಂದ್ಯ ಸ್ಟಿಂಗ್ ಮತ್ತು ರಿಕ್ ಫ್ಲೇರ್ ನಡುವೆ. ಮೊದಲ ನೈಟ್ರೋದಲ್ಲೂ ಎದುರು ನಿಂತಿದ್ದ ಜೋಡಿ. ಸ್ಟಿಂಗ್ ಫ್ಲೇರ್‌ನ ಕಾಲು ಮಡಚಿ ಹಿಡಿತ ಬಿಗಿ ಮಾಡಿದ, ಫ್ಲೇರ್ ಸೋಲೊಪ್ಪಿದ, ಇಬ್ಬರೂ ತಬ್ಬಿಕೊಂಡರು. ರೆಫರಿಗೆ ಮೂರು ಎಣಿಸುವ ಪ್ರಮೇಯವೇ ಬರಲಿಲ್ಲ.