ಇಲ್ಲದ ತೋಳಿನ ಕೂಲಿ

(ಮೈಸೂರು. ಏಪ್ರಿಲ್ ತಿಂಗಳ ಮಧ್ಯಾಹ್ನ. ಓಣಿಯೊಂದರಲ್ಲಿ ಶಂಕರಣ್ಣನ ಲೇಡೀಸ್ ಟೈಲರ್ ಅಂಗಡಿ. ಕಟ್ಟಿಂಗ್ ಟೇಬಲ್ಲು, ಎರಡು ಮೆಷೀನು, ಗೋಡೆಯಿಂದ ಗೋಡೆಗೆ ಒಂದು ಹ್ಯಾಂಗರ್ ಕಂಬಿ. ಉಳಿದ ಜಾಗವನ್ನೆಲ್ಲ ‘ನಾಳೆ ಬನ್ನಿ’ ಎಂದು ಹೇಳಿಸಿಕೊಂಡ ಬಟ್ಟೆಗಳು ಹಿಡಿದುಕೊಂಡಿವೆ. ವನಜಾ ಬರುತ್ತಾಳೆ, ಮೈಮೇಲೆ ಉಣ್ಣೆ ಸ್ವೆಟರು. ಹಿಂದೆಯೇ ಅತ್ತೆ, ಕೈಯಲ್ಲಿ ಕೊಡೆ.)

ಶಂಕರಣ್ಣ: ಏನ್ ಮೇಡಂ, ಈ ಬಿಸಿಲಲ್ಲಿ ಸ್ವೆಟರು? ಜ್ವರಾನಾ?

ವನಜಾ: ಜ್ವರ ಅಲ್ಲ ಶಂಕರಣ್ಣ, ಸ್ಲೀವ್‌ಲೆಸ್ಸು.

ಶಂಕರಣ್ಣ: ಎಲ್ಲಿ?

ವನಜಾ: ಸ್ವೆಟರ್ ಒಳಗೆ.

ಅತ್ತೆ: ಸೆಖೆ ಅಂತ ಅದನ್ನ ತಗೊಂಡ್ಳು ಕಣಪ್ಪ. ಅದನ್ನ ಮುಚ್ಚೋಕೆ ಅಂತ ಇದನ್ನ ಹಾಕ್ಕೊಂಡ್ಳು.

ಶಂಕರಣ್ಣ: ನಾನು ಹೊಲ್ದಿದ್ದಾ?

ವನಜಾ: ಅಲ್ಲ, ರೆಡಿಮೇಡ್ ಕುರ್ತಿ.

ಶಂಕರಣ್ಣ: ಹಾಗಾದ್ರೆ ಕೆಟ್ಟಿರತ್ತೆ. ಏನ್ ತೊಂದ್ರೆ ಹೇಳಿ.

ವನಜಾ: ಇಲ್ಲಿ... ಕಂಕುಳ ಹತ್ರ ಬಾಯಿ ಬಿಟ್ಕೊಂಡಿದೆ. ಪಕ್ಕದಿಂದ ನೋಡಿದ್ರೆ... ಅದು... ಕಾಣತ್ತೆ.

ಶಂಕರಣ್ಣ: (ಟೇಪನ್ನೇ ನೋಡುತ್ತ) ಅದು ಅಂದ್ರೆ... ಅದಾ?

ವನಜಾ: ಹ್ಞೂಂ. ಅದೇ.

ಶಂಕರಣ್ಣ: ಅದರ ಭುಜದ ಪಟ್ಟೀನಾ, ಪಕ್ಕದ್ದಾ?

ವನಜಾ: ಪಕ್ಕದ್ದು.

ಅತ್ತೆ: ಬ್ರಾ ಕಣಪ್ಪ! ದೆವ್ವದ ಹೆಸರು ಹೇಳೋಕೆ ಹೆದರ್ದಂಗೆ ಆಡ್ತೀರಲ್ಲ ಇಬ್ರೂ. ಮದುವೆಯಾಗಿ ಬಂದಾಗಿಂದ ಇವಳ ಬ್ಲೌಸ್ ಹೊಲಿತಿರೋನು ನೀನೇ ತಾನೆ?

(ಲೇಡೀಸ್ ಟೈಲರ್ ಅಂಗಡಿಯ ಅರ್ಧ ವ್ಯವಹಾರ ಹೀಗೆ ಕಣ್ಣು ತಪ್ಪಿಸಿಕೊಂಡೇ ನಡೆಯುತ್ತದೆ. ಬಟ್ಟೆ ಕೆಡುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಗುಮಾನಿ. ವನಜಾ ಸ್ವೆಟರ್ ಬಿಚ್ಚಿ ನಿಲ್ಲುತ್ತಾಳೆ.)

ಶಂಕರಣ್ಣ: ಸರಿಯಾಗೇ ಇದೆಯಲ್ಲ ಮೇಡಂ.

ವನಜಾ: ಅಂಗಡೀಲೂ ಹೀಗೇ ನಿಂತ್ಕೊಂಡು ಕನ್ನಡಿ ನೋಡ್ದೆ, ಧ್ವಜವಂದನೆಗೆ ನಿಂತಂಗೆ. ಚೆನ್ನಾಗೇ ಇತ್ತು. ಬಸ್ ಹತ್ತಿದ್ಮೇಲೆ ಬಣ್ಣ ಬಯಲಾಯ್ತು.

ಶಂಕರಣ್ಣ: ಬಸ್ಸಲ್ಲೇನಾಯ್ತು?

ವನಜಾ: 2023ರ ಜೂನಲ್ಲಿ ಶಕ್ತಿ ಯೋಜನೆ ಬಂತಲ್ಲ, ಆವತ್ತಿಂದ ಟಿಕೆಟ್ಟಿಗೆ ದುಡ್ಡೂ ಬೇಡ, ಕೂರೋಕೆ ಸೀಟೂ ಇಲ್ಲ. ಮೇಲಿನ ಕಂಬಿ ಹಿಡ್ಕೊಂಡೇ ಆಫೀಸು ಸೇರ್ಬೇಕು. ಕೈ ಎತ್ತಿದ್ನೋ ಇಲ್ವೋ, ಸೀಟಲ್ಲಿ ಕೂತಿದ್ದ ಹೆಂಗಸು ನನ್ನ ಕುರ್ತಿ ಸಂದಿಯಿಂದ ಆಚೆ ಕಡೆ ಕಿಟಕಿ ನೋಡ್ತಿದ್ಳು.

ಅತ್ತೆ: ಯಾವ ಸ್ಟಾಪು ಅಂತ ನೋಡಿರ್ತಾಳೆ ಪಾಪ.

ವನಜಾ: ನನ್ನ ಮೈಯೇ ಹಾಗೆ ಅಂದ್ಕೊಂಡೆ. ತೋಳು ಕರಗ್ಲಿ ಅಂತ ದಿನಾ ಬೆಳಿಗ್ಗೆ ನೀರು ತುಂಬಿದ ಬಾಟ್ಲಿ ಎತ್ತಿ ಎತ್ತಿ ಇಳಿಸ್ತಿದ್ದೀನಿ.

ಶಂಕರಣ್ಣ: ನಿಲ್ಲಿಸಿ, ನಿಲ್ಲಿಸಿ! ತೋಳು ಕರಗಿದ್ರೆ ಸಂದಿ ಇನ್ನೂ ದೊಡ್ಡದಾಗತ್ತೆ. ಈ ಕುರ್ತಿ ಜೊತೆ ಚಿಕ್ಕ ಪ್ಲಾಸ್ಟಿಕ್ ಕವರಲ್ಲಿ ತೋಳು ಬಂದಿತ್ತಾ?

(ವನಜಾ ಅತ್ತೆಯನ್ನು ನೋಡುತ್ತಾಳೆ. ಅತ್ತೆ ಕೊಡೆಯನ್ನು ನೋಡುತ್ತಾರೆ.)

ಅತ್ತೆ: ಅದು ತೋಳಾ? ಹೊಸ ಬಟ್ಟೆ ಸುಮ್ನೆ ಬಿದ್ದಿದೆಯಲ್ಲ ಅಂತ ಮಿಕ್ಸಿ ಒರೆಸೋಕೆ ಇಟ್ಕೊಂಡೆ.

ಶಂಕರಣ್ಣ: ಎರಡೂನಾ?

ಅತ್ತೆ: ಒಂದು. ಇನ್ನೊಂದು ಮಗನ ಸ್ಕೂಟರಿಗೆ.

ಶಂಕರಣ್ಣ: ಕೇಳಿ ಮೇಡಂ, ನಿಮ್ಮ ಮೈದು ಏನೂ ತಪ್ಪಿಲ್ಲ. ಫ್ಯಾಕ್ಟರೀಲಿ ಇದನ್ನ ಕತ್ತರಿಸಿದ್ದೇ ತೋಳು ಕೂರಿಸೋಕೆ. ತೋಳಿರೋ ಬಟ್ಟೇಲಿ ಕೈ ಆಡ್ಲಿ ಅಂತ ಕಂಕುಳ ಸುತ್ತನ್ನ ಕೆಳಗಿಳಿಸ್ತಾರೆ, ಭುಜಾನ ಮೂಳೆ ತುದಿವರ್ಗೂ ಬಿಡ್ತಾರೆ. ಆಮೇಲೆ ತೋಳನ್ನ ಮಾತ್ರ ಕವರಲ್ಲಿ ಹಾಕಿ, ಇದನ್ನ ಸ್ಲೀವ್‌ಲೆಸ್ ಅಂತ ಮಾರ್ತಾರೆ. ನಿಜವಾದ ಸ್ಲೀವ್‌ಲೆಸ್ಸಿಗೆ ಬೇರೆ ಕಟಿಂಗೇ ಇದೆ. ಕಂಕುಳು ಅರ್ಧ ಇಂಚಾದ್ರೂ ಮೇಲೆ ಬರ್ಬೇಕು, ಭುಜ ಒಂಚೂರು ಒಳಕ್ಕೆ ಹೋಗ್ಬೇಕು. ಮುಂದ್ಗಡೆ ಒಂದು ಡಾಟ್ ಬೇಕು. ಎದೆ ಉಬ್ಬು, ಬಟ್ಟೆ ಚಪ್ಪಟೆ, ಮಿಕ್ಕಿದ ಬಟ್ಟೆ ಎಲ್ಲಾದ್ರೂ ಹೋಗ್ಬೇಕಲ್ಲ? ಡಾಟ್ ಹಿಡಿದ್ರೆ ಅದರೊಳಗೆ ಹೋಗತ್ತೆ. ಹಿಡೀದಿದ್ರೆ ಕಂಕುಳಲ್ಲಿ ಬಂದು ಕೂರತ್ತೆ. ಸೈಜ್ ಯಾವ್ದು?

ವನಜಾ: ಡಬಲ್ ಎಕ್ಸೆಲ್. ಎಕ್ಸೆಲ್ಲು ಎದೆ ಹತ್ರ ಬಿಗಿ ಆಗ್ತಿತ್ತು.

ಶಂಕರಣ್ಣ: ಎದೆಗೆ ಅಂತ ನೀವು ದೊಡ್ಡದು ತಗೊಂಡ್ರಿ, ಅವ್ರು ಭುಜ, ಕಂಕುಳು ಎಲ್ಲಾನೂ ಜೊತೇಲೇ ಹಿಗ್ಗಿಸಿ ಕೊಟ್ರು. ಎದೆ ಅಳತೆ ಜಾಸ್ತಿಯಾದ್ರೆ ಭುಜದ ಮೂಳೇನೂ ಬೆಳೆಯತ್ತಾ?

ಅತ್ತೆ: ನನ್ ಮಗನಿಗೆ ಹೊಟ್ಟೆ ಬೆಳೀತು, ಬುದ್ಧಿ ಇದ್ದಷ್ಟೇ ಇದೆ.

ವನಜಾ: ಇದಕ್ಕೇ ಅಂತ ಸರ್ಕಾರದವ್ರು ‘ಇಂಡಿಯಾಸೈಜ್’ ಅಂತ ಮಾಡಿದ್ದಾರೆ ಶಂಕರಣ್ಣ. ನಿಫ್ಟ್ ಫ್ಯಾಶನ್ ಸಂಸ್ಥೆಯೋರ ಯೋಜನೆ. ಬೆಂಗಳೂರು, ಶಿಲ್ಲಾಂಗ್ ಎಲ್ಲ ಸೇರಿ ಆರು ಊರಲ್ಲಿ 25,000 ಜನರ ಮೈಯನ್ನ ಮೆಷೀನಲ್ಲಿ ಸ್ಕ್ಯಾನ್ ಮಾಡಿ, ನಮ್ಮ ದೇಶದ್ದೇ ಸೈಜ್ ಪಟ್ಟಿ ಮಾಡೋದು ಅಂತ. ನಮ್ಮಲ್ಲಿ ನಡೀತಿರೋದು ಅಮೆರಿಕ, ಬ್ರಿಟನ್ ಪಟ್ಟೀನೇ ಅಲ್ಪ ಸ್ವಲ್ಪ ತಿದ್ಕೊಂಡಿದ್ದಂತೆ.

ಅತ್ತೆ: ಟೇಪ್ ಕಂಡ ಕೂಡ್ಲೆ ನಮ್ ಹೆಂಗಸ್ರು ಉಸಿರು ಬಿಗಿ ಹಿಡಿತಾರೆ. ಅದು ಆ ಮೆಷೀನಿಗೆ ಗೊತ್ತಾಗತ್ತಾ?

ಶಂಕರಣ್ಣ: ಅಮ್ಮ, ಅದು ನನಗೇ ಇನ್ನೂ ಗೊತ್ತಾಗಿಲ್ಲ.

ವನಜಾ: ಈಗ ಇದಕ್ಕೇನ್ ಮಾಡ್ತೀರಿ? ಭುಜ ಎತ್ತಿ ಹೊಲಿದ್ಬಿಡಿ.

ಶಂಕರಣ್ಣ: ಎತ್ತಬಹುದು. ಕುತ್ತಿಗೇನೂ ಜೊತೇಲೇ ಮೇಲೆ ಬರತ್ತೆ, ಗಂಟ್ಲು ಒತ್ತಿದ್ರೆ ನನ್ನ ಕೇಳ್ಬೇಡಿ.

ವನಜಾ: ಪಕ್ಕ ಹಿಡೀರಿ.

ಶಂಕರಣ್ಣ: ಹಿಡಿಬಹುದು. ಎದೆ ಬಿಗಿಯಾಗತ್ತೆ. ಎಕ್ಸೆಲ್ಲೇ ತಗೋಬಹುದಿತ್ತಲ್ಲ ಅಂತೀರಿ.

ಅತ್ತೆ: ಒಂದು ಪಿನ್ ಹಾಕ್ಕೊಂಡ್ರೆ ಆಯ್ತಪ್ಪ.

ವನಜಾ: ಹಾಕ್ಕೊಂಡಿದ್ದೆ. ಚುಚ್ಚಿದ್ದಕ್ಕೆ ಕಿರುಚ್ದೆ. ಯಾರೋ ಬಿದ್ರು ಅಂತ ಡ್ರೈವರ್ ಬಸ್ಸೇ ನಿಲ್ಲಿಸಿದ್ರು.

ಶಂಕರಣ್ಣ: ಕಂಕುಳಿಂದ ಎದೆ ಕಡೆಗೆ ಒಂದು ಡಾಟ್ ಹಿಡಿತೀನಿ. ಆಮೇಲೆ ಸುತ್ತ ಕ್ರಾಸ್ ಪಟ್ಟಿ. ಬಟ್ಟೇನ ಓರೆಗೆ ಕತ್ತರಿಸಿದ ಪಟ್ಟಿ ಹಿಗ್ಗತ್ತೆ. ಅದನ್ನ ಚೂರು ಎಳ್ಕೊಂಡು ಹೊಲಿದ್ರೆ ಅಂಚು ಒಳಕ್ಕೆ ವಾಲಿ ಮೈಗೆ ಕೂರತ್ತೆ. ಇವ್ರು ಪಟ್ಟಿ ಎಳೆಯೋ ಬದ್ಲು ಕುರ್ತೀನೇ ಎಳೆದು ಹೊಲಿದಿದ್ದಾರೆ, ನೋಡಿ, ಅಂಚೆಲ್ಲ ಅಲೆ ಅಲೆ. ಕಂಕುಳು ಮೇಲೆ ಬರೋಕೆ ಒಂದು ತುಂಡು ಕೊಡ್ಬೇಕು. ತೋಳಿದ್ದಿದ್ರೆ ಅದ್ರಲ್ಲೇ ಆಗ್ತಿತ್ತು. ಅಮ್ಮ, ಆ ಮಿಕ್ಸಿದು ಒಗೆದು ತಂದ್ರೆ...

ಅತ್ತೆ: ಅರಿಶಿನ ಹೋಗಲ್ಲಪ್ಪ.

ಶಂಕರಣ್ಣ: ಹಾಗಾದ್ರೆ ಕೆಳಗಿಂದ ನಾಲ್ಕಿಂಚು ಕತ್ತರಿಸ್ತೀನಿ. ಪಟ್ಟಿಗೂ ಆಯ್ತು, ತುಂಡಿಗೂ ಆಯ್ತು.

ಅತ್ತೆ: ಮೇಲೆ ಮುಚ್ಚೋಕೆ ಕೆಳಗೆ ಬಿಚ್ಚೋದು.

ವನಜಾ: ಕೂಲಿ ಎಷ್ಟು?

ಶಂಕರಣ್ಣ: ಮುನ್ನೂರೈವತ್ತು ಕೊಡಿ.

ವನಜಾ: ಕುರ್ತಿಗೇ ಐನೂರು ಕೊಟ್ಟಿದ್ದೀನಿ! ತೋಳು ಹಾಕಿಕೊಡೋಕೆ ನೂರು ತಗೋತೀರಿ, ತೋಳೇ ಇಲ್ಲದ್ದಕ್ಕೆ ಮುನ್ನೂರೈವತ್ತಾ?

ಶಂಕರಣ್ಣ: ತೋಳಿದ್ರೆ ನಮ್ ತಪ್ಪೆಲ್ಲ ಅದರೊಳಗೆ ಸೇರ್ಕೊಳತ್ತೆ ಮೇಡಂ. ಇದರಲ್ಲಿ ಬಚ್ಚಿಡೋಕೆ ಜಾಗ ಎಲ್ಲಿದೆ? ಅಮ್ಮ, ತಗೊಳ್ಳಿ ಗುಂಡುಪಿನ್ನು. ಮಿಕ್ಕಿರೋ ಬಟ್ಟೇನ ಚಿವುಟಿ ಹಿಡ್ದು ಒಂದು ಚುಚ್ಚಿ. ಬಟ್ಟೆಗೆ!

(ಅತ್ತೆ ಕನ್ನಡಕ ಏರಿಸಿ ಬಲಗಡೆ ಪಿನ್ ಹಾಕುತ್ತಾರೆ. ಸೊಸೆ ಉಸಿರು ಬಿಗಿ ಹಿಡಿಯುತ್ತಾಳೆ, ಯಾಕೆಂದು ಕೇಳಬೇಕಾಗಿಲ್ಲ.)

ಶಂಕರಣ್ಣ: ಈಗ ಮೇಲಿನ ಹ್ಯಾಂಗರ್ ಕಂಬಿ ಹಿಡ್ಕೊಳ್ಳಿ. ಬಸ್ ಅಂತಾನೇ ಅಂದ್ಕೊಳ್ಳಿ. ಅಮ್ಮ, ನೀವು ಈ ಸ್ಟೂಲ್ ಮೇಲೆ ಕೂತು ಪಕ್ಕದ ಸೀಟಿನೋರ ಥರ ನೋಡಿ. ಬಲಗಡೆ ಏನಾದ್ರೂ ಕಾಣತ್ತಾ?

ಅತ್ತೆ: ಇಲ್ಲ. ಮುಚ್ಕೊಂಡಿದೆ. ಪರವಾಗಿಲ್ಲ ಕಣೋ ನೀನು!

ಶಂಕರಣ್ಣ: ಪಿನ್ ಹಾಕದೇ ಇರೋ ಎಡಗಡೆ ನೋಡಿ, ವ್ಯತ್ಯಾಸ ಗೊತ್ತಾಗತ್ತೆ.

ಅತ್ತೆ: (ಬಗ್ಗಿ, ಬಹಳ ಹೊತ್ತು ನೋಡಿ) ಇಲ್ಲಿ ಎಲ್ಲಾ ಕಾಣತ್ತೆ. ಆಚೆ ಗೋಡೆ ಕಾಣತ್ತೆ, ಗೋಡೆ ಹತ್ರ ಬಟ್ಟೆ ರಾಶಿ ಕಾಣತ್ತೆ. ಅದರ ಅಡೀಲಿ ಹಸಿರು ಸೀರೆ ಅಂಚು ಕಾಣತ್ತೆ. ಶಂಕ್ರಪ್ಪ, ದೀಪಾವಳಿಗೆ ಬೇಕು ಅಂತ ಫಾಲ್ ಹಾಕೋಕೆ ಕೊಟ್ಟ ನನ್ನ ಸೀರೆ ಅಲ್ವೇನೋ ಅದು?

(ಒಂದು ಕ್ಷಣ ಮೌನ.)

ಶಂಕರಣ್ಣ: ಮೇಡಂ, ನೂರೇ ಕೊಡಿ. ಕೈ ಇಳಿಸಿ ಬೇಗ.